ಹಳೆಯ ಒಲೆಗಳ ಪಟ್ಟಿ

ನಾವು ಅಕ್ಕ ತಮ್ಮ ಈ ಊರಿಗೆ ಬಂದು ಮನೆ ಕೊಂಡದ್ದು ದೀಪಾವಳಿ ಕಳೆದ ಮರುವಾರ. ಆಗ ನನಗೆ ನಲವತ್ತಾರು, ಲೋಲಾಕ್ಷಕ್ಕನಿಗೆ ಐವತ್ತೊಂದು. ಇಬ್ಬರಿಗೂ ಮದುವೆಯಾಗಿಲ್ಲ. ಯಾಕೆ ಆಗಲಿಲ್ಲ ಎಂಬುದಕ್ಕೆ ದೊಡ್ಡ ಕಥೆಯೇನೂ ಇಲ್ಲ. ಮೊದಲು ಅವಳದಾಗಲಿ ಎಂದು ನಾನು, ಮೊದಲು ನನ್ನದಾಗಲಿ ಎಂದು ಅವಳು ಕಾಯುತ್ತ ಕೂತೆವು. ನಾನು ಕನ್ನಡಕ ರಿಪೇರಿ ಮಾಡುವವನು, ಅಕ್ಕ ರವಿಕೆ ಹೊಲಿಯುವವಳು. ಹಿಂದಿನ ಊರಿನಲ್ಲಿ ಇಪ್ಪತ್ತಾರು ವರ್ಷಗಳಲ್ಲಿ ಹನ್ನೊಂದು ಬಾಡಿಗೆ ಮನೆ ಬದಲಿಸಿದ್ದೆವು. ಇದ್ದಬದ್ದ ದುಡ್ಡನ್ನೆಲ್ಲ ಒಟ್ಟು ಹಾಕಿ, ಇನ್ನು ಯಾರೂ ನಮ್ಮನ್ನು ಎಬ್ಬಿಸಬಾರದು ಎಂಬ ಒಂದೇ ಆಸೆಯಿಂದ ಈ ಮನೆ ಹಿಡಿದೆವು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆ ನನ್ನ ಅಂಗಡಿಗೆ ಸರಿಹೋಯಿತು. ನಡುಮನೆ, ಅದರ ಪಕ್ಕ ಒಂದು ಮಲಗುವ ಕೋಣೆ, ಅಡುಗೆಮನೆ, ಹಿಂದೆ ಒಂದಿಷ್ಟು ಹಿತ್ತಲು. ಅಕ್ಕಪಕ್ಕದ ಮನೆಗಳಿಗಿಂತ ಒಂದೂವರೆ ಲಕ್ಷ ಕಡಿಮೆಗೆ ಸಿಕ್ಕಿತ್ತು. ನಮ್ಮ ಅದೃಷ್ಟ ಅಂದುಕೊಂಡೆವು.

ಮಾರಿದವರು ಗುರುನಾಥ ಇನಾಮದಾರ ಎಂಬ ಹಿರಿಯರು. ಮಾತು ಕಡಿಮೆ, ಮರ್ಯಾದೆ ಜಾಸ್ತಿ. ಕರಾರಿನ ದಿನ ಅವರು ಮನೆ ಗಟ್ಟಿಯಾಗಿದೆ, ಪಟ್ಟಿ ಮಾತ್ರ ಸ್ವಲ್ಪ ಜಾಸ್ತಿ ಬರುತ್ತದೆ ಎಂದಿದ್ದರು. ನಮ್ಮ ಕಡೆ ಪಟ್ಟಿ ಎಂದರೆ ದಿನಸಿ ಸಾಮಾನಿನ ಪಟ್ಟಿ. ಇಲ್ಲಿ ಮನೆ ಕಂದಾಯಕ್ಕೆ ಪಟ್ಟಿ ಎನ್ನುತ್ತಾರೆಂದು ನನಗೆ ತಿಳಿದಿರಲಿಲ್ಲ. ಯಾಕೆ ಈ ಮಾತು ಬಂತೆಂದು ಅರ್ಥವಾಗದೆ, ಹೂಂ ಎಂದು ಸಹಿ ಹಾಕಿಬಿಟ್ಟಿದ್ದೆ.

ಫೆಬ್ರುವರಿಯಲ್ಲಿ ಪುರಸಭೆಯಿಂದ ತೆಳು ಗುಲಾಬಿ ಬಣ್ಣದ ಕಾಗದ ಬಂತು. ಜಾಗ, ಕಟ್ಟಡ, ನೀರು, ಬೀದಿ ದೀಪ, ಕಸ ಎಂದು ಐದು ಸಾಲು. ಅವೆಲ್ಲ ಕೂಡಿದರೂ ಎರಡು ಸಾವಿರ ದಾಟುತ್ತಿರಲಿಲ್ಲ. ಅದರ ಕೆಳಗೆ ಗೆರೆ ಎಳೆದು ‘ಹಳೆಯ ಒಲೆಗಳು’ ಎಂದು ಬರೆದಿತ್ತು. ಅಲ್ಲಿ ಮೂರು ಹೆಸರು. ತುಕಾರಾಮಪ್ಪ, ನಿವೃತ್ತ ಪೋಸ್ಟ್‌ಮನ್: ಬಂದರೆ ಸೊನ್ನೆ, ಬಾರದಿದ್ದರೆ ಒಂದು ಸಾವಿರ. ಗುರುನಾಥ ಇನಾಮದಾರ: ಬಂದರೆ ಸೊನ್ನೆ, ಬಾರದಿದ್ದರೆ ಒಂದು ಸಾವಿರ. ಹುಲಿಗೆವ್ವ, ತಂದೆ ಫಕೀರಪ್ಪ: ಬಂದರೆ ಸೊನ್ನೆ, ಬಾರದಿದ್ದರೆ ಮೂವತ್ತೊಂದು ಸಾವಿರ. ಮಾರ್ಚ್ ಮೂವತ್ತೊಂದರೊಳಗೆ ತುಂಬದಿದ್ದರೆ ಮನೆಗೆ ಬೀಗ ಎಂಬುದು ಕೊನೆಯ ಸಾಲು. ನಾನು ಎರಡು ಸಲ ಕನ್ನಡಕ ಒರೆಸಿಕೊಂಡು ಓದಿದೆ. ಮೂವತ್ತೊಂದು ಸಾವಿರವೆಂದರೆ ನಾವಿಬ್ಬರೂ ಸೇರಿ ದುಡಿದ ಎರಡು ತಿಂಗಳ ಗಳಿಕೆ, ಅದೂ ಉಣ್ಣದೆ ಇದ್ದರೆ.

ಮರುದಿನವೇ ಪುರಸಭೆಗೆ ಹೋದೆ. ನಾಲ್ಕನೇ ಕೌಂಟರಿನಲ್ಲಿ ಮೆಹರುನ್ನಿಸಾ ಎಂಬ ಗುಮಾಸ್ತೆ ಕೂತಿದ್ದರು. ಊರೆಲ್ಲ ಅವರನ್ನು ಮೆಹರಕ್ಕ ಅನ್ನುತ್ತಿತ್ತು. ಹಿಂದೆ ಸಾಲು ಬೆಳೆಯುತ್ತಿದ್ದರೂ ಅವಸರ ಮಾಡದೆ, ಪೆನ್ನಿನ ತುದಿಯಿಂದ ಒಂದೊಂದೇ ಸಾಲು ಮುಟ್ಟುತ್ತ ನನಗೆ ಬಿಡಿಸಿ ಹೇಳಿದರು. ಒಂದು ಮನೆಯಲ್ಲಿ ವರ್ಷಕ್ಕಿಂತ ಹೆಚ್ಚು ಯಾರ ಒಲೆ ಉರಿದಿರುತ್ತದೋ ಅವರು ಬದುಕಿರುವತನಕ ಆ ಮನೆಯ ಹಳಬರು. ಮನೆಮಂದಿ ಎಷ್ಟೇ ಇರಲಿ, ಒಂದು ಒಲೆಗೆ ಒಂದು ಹೆಸರು. ಆ ಹೆಸರಿನವರು ವರ್ಷಕ್ಕೊಮ್ಮೆ ಬಂದು, ಒಳಗೆ ಕೂತು ಉಂಡು, ಪಟ್ಟಿಯ ಹಿಂಬದಿ ಸಹಿ ಹಾಕಬೇಕು. ಬಾರದ ಒಂದೊಂದು ವರ್ಷಕ್ಕೂ ಒಂದೊಂದು ಸಾವಿರ ಏರುತ್ತದೆ. ಒಮ್ಮೆ ಬಂದು ಉಂಡರೆ ಹಿಂದಿನದೆಲ್ಲ ಅಳಿಸಿ ಹೋಗುತ್ತದೆ. ಮನೆ ಮಾರಿದರೆ ಈ ಲೆಕ್ಕ ಕೊಂಡವರ ತಲೆಗೆ. ಇನಾಮದಾರರು ನಿಮಗೆ ಹೇಳಲಿಲ್ಲವೇ ಎಂದು ಅವರು ಕೇಳಿದರು. ಹೇಳಿದರು, ನನಗೇ ತಿಳಿಯಲಿಲ್ಲ ಎಂದೆ. ಇಂಥದ್ದೊಂದು ನಿಯಮ ಯಾಕಿದೆ ಎಂದು ಕೇಳಿದ್ದಕ್ಕೆ ಮೆಹರಕ್ಕ ನನ್ನ ಮುಖವನ್ನೇ ನೋಡಿ, “ನಿಮ್ಮ ಊರಾಗ ಮತ್ತ ಹಳಬರು ಏನ್ ಮಾಡ್ತಾರ್ರಿ?” ಅಂದರು. ನಾನು ಕಾಗದ ಮಡಚಿಕೊಂಡು ಸಾಲಿನಿಂದ ಹೊರಬಂದೆ.

ಆಮೇಲೆ ಕಣ್ಣು ಬಿಟ್ಟು ನೋಡಿದರೆ ಊರೇ ಈ ಲೆಕ್ಕದ ಮೇಲೆ ನಡೆಯುತ್ತಿತ್ತು. ದಲ್ಲಾಳಿಗಳು ಮನೆ ತೋರಿಸುವಾಗ ಬಾವಿ, ಬೆಳಕಿನ ಜೊತೆಗೆ “ಹಳಬರು ಇಬ್ಬರೇ, ಇಲ್ಲೇ ಹತ್ತಿರದಲ್ಲೇ ಇದ್ದಾರೆ, ಉಣ್ಣುವುದೂ ಕಡಿಮೆ” ಎಂದು ಹೇಳುವುದು ಕೇಳಿಸಿತು. ಮಾರ್ಚ್ ಬಂತೆಂದರೆ ಖಾನಾವಳಿಗಳಲ್ಲಿ ಮಧ್ಯಾಹ್ನ ನೊಣ ಹೊಡೆಯುತ್ತಿದ್ದರು; ಊರಿನ ಅರ್ಧ ಜನ ತಾವು ಬಿಟ್ಟು ಬಂದ ಮನೆಗಳಲ್ಲಿ ಉಣ್ಣುತ್ತಿದ್ದರು. ಮೇಲಿಂದ ಮೇಲೆ ಮನೆ ಬದಲಿಸಿದ ಬ್ಯಾಂಕಿನ ಜವಾನರೊಬ್ಬರು ಒಂದೇ ದಿನ ಮೂರು ಕಡೆ ಉಣ್ಣಬೇಕಾಗಿ, ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಸೋಡಾ ಕುಡಿದು ಸುಧಾರಿಸಿಕೊಂಡರು. ಬೈದುಕೊಂಡು ಮನೆ ಬಿಟ್ಟವರೂ ಬರುತ್ತಿದ್ದರು. ಮುಖ ತಿರುಗಿಸಿಕೊಂಡೇ ಉಂಡು, ಸಹಿ ಹಾಕಿ ಹೋಗುತ್ತಿದ್ದರಂತೆ.

ತುಕಾರಾಮಪ್ಪನವರು ತಾವಾಗಿ ಬಂದು ಪರಿಚಯ ಹೇಳಿಕೊಂಡರು. ಬಹಳ ವರ್ಷಗಳ ಹಿಂದೆ ಈಗ ನನ್ನ ಅಂಗಡಿಯಿರುವ ಮುಂದಿನ ಕೋಣೆಯಲ್ಲಿ ಮೂರು ವರ್ಷ ಬಾಡಿಗೆಗಿದ್ದರಂತೆ, ಸೀಮೆಎಣ್ಣೆ ಸ್ಟೋವ್ ಇಟ್ಟುಕೊಂಡು. ಯಾವತ್ತು ಕರೆದರೂ ಬರುತ್ತೇನೆ, ಖಾರ ಮಾತ್ರ ಕಡಿಮೆ ಇರಲಿ ಎಂದರು. ಉಳಿದವರ ಪೈಕಿ ಇನಾಮದಾರರನ್ನು ನೋಡಲು ನಾನೇ ಹೊಸ ಬಡಾವಣೆಗೆ ಹೋದೆ. ಅವರು ಕೊಂಡದ್ದು ಆಗಷ್ಟೇ ಕಟ್ಟಿದ, ಒಬ್ಬ ಹಳಬನೂ ಇಲ್ಲದ ಮನೆ. ದಿನಾ ಖಾನಾವಳಿಯಲ್ಲೇ ಉಣ್ಣುವವರು, ಊಟಕ್ಕೆ ಬರಲು ಸಂತೋಷದಿಂದ ಒಪ್ಪಿದರು. ಹುಲಿಗೆವ್ವ ಯಾರೆಂದು ಕೇಳಿದಾಗ ಮಾತ್ರ ಗೋಡೆಯ ಕಡೆ ನೋಡಿದರು. ಹಾಸಿಗೆ ಹಿಡಿದ ತಮ್ಮ ತಾಯಿಯನ್ನು ನೋಡಿಕೊಳ್ಳಲು ಇಟ್ಟುಕೊಂಡ ಹೆಂಗಸು, ಎರಡು ವರ್ಷ ಇದ್ದಳು, ತಾಯಿ ತೀರಿಕೊಂಡ ಮೇಲೆ ಹೋದಳು ಎಂದರು. “ಆಕಿ ಬರಂಗಿಲ್ಲ ಬಿಡ್ರಿ. ಇಷ್ಟು ವರ್ಷದಾಗ ಒಮ್ಮೆನೂ ಬಂದಿಲ್ಲ.” ಇಪ್ಪತ್ತು, ಇಪ್ಪತ್ತೈದು, ಮೂವತ್ತು ಸಾವಿರದವರೆಗೂ ಅವರೇ ವರ್ಷ ವರ್ಷ ಕಟ್ಟಿದ್ದರು. ಕಟ್ಟಲು ಆಗದಾದಾಗ ಮನೆ ಮಾರಿದ್ದರು. ಅಷ್ಟು ಹಟದ ಹೆಂಗಸು ಎಂಥವಳಿರಬಹುದು ಎಂದುಕೊಳ್ಳುತ್ತ ಮನೆಗೆ ಬಂದೆ.

ಹುಲಿಗೆವ್ವನವರ ಮನೆ ಹತ್ತಿ ಗಿರಣಿಯ ಹಿಂದಿನ ಓಣಿಯಲ್ಲಿತ್ತು. ದೂರದಿಂದಲೇ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿತ್ತು. ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವುದು ಅವರ ಉದ್ಯೋಗ. ಹಟಮಾರಿ ಮುದುಕಿಯನ್ನು ನೆನೆಸಿಕೊಂಡು ಹೋಗಿದ್ದೆ. ಒಲೆಯ ಮುಂದೆ ಕೂತಿದ್ದವರು ನನ್ನ ಅಕ್ಕನ ವಯಸ್ಸಿನವರು. ನಾನು ಯಾರು, ಎಲ್ಲಿಂದ ಬಂದೆ ಎಂದು ಹೇಳಿ, ಈ ಸಲ ದಯವಿಟ್ಟು ನಮ್ಮ ಮನೆಗೆ ಊಟಕ್ಕೆ ಬರಬೇಕೆಂದು ಕೇಳಿಕೊಂಡೆ. ಅವರು ಬಡಿಯುವುದನ್ನು ನಿಲ್ಲಿಸಲಿಲ್ಲ. ಕೈಯಲ್ಲಿದ್ದ ರೊಟ್ಟಿ ಹೆಂಚಿಗೆ ಹಾಕಿ, ಅದರ ಮೇಲೆ ನೀರು ಸವರಿದ ಮೇಲೆ ನನ್ನ ಕಡೆ ತಿರುಗಿದರು.

“ಮೂವತ್ತೊಂದು ವರ್ಷದಾಗ ಒಬ್ಬರೂ ಬಾ ಅಂತ ಕರೀಲಿಲ್ಲ. ನೀವು ಕರಿಯಾಕ ಬಂದೀರಿ. ಪಟ್ಟಿ ಬಂತಲ್ಲ, ಅದಕ್ಕ ನೆನಪಾದ್ನಿ.”

ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ತಪ್ಪಾಯಿತು ಎಂದು ಹೇಳಿ ವಾಪಸು ಬಂದೆ. ದಾರಿಯಲ್ಲಿ ಪುರಸಭೆ ಸಿಕ್ಕಿತು. ಕರೆಯದೆ ಇದ್ದದ್ದು ಇನಾಮದಾರರ ತಪ್ಪು, ಬಾರದೆ ಇದ್ದದ್ದಕ್ಕೆ ದಂಡ ಯಾಕೆ ಎಂದು ಮೆಹರಕ್ಕನನ್ನು ಕೇಳಿದೆ. ಅವರು ಊಟದ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟರು. “ಕರದಿಲ್ಲ ಅಂತ ಬರಿಯಾಕ ನಮ್ಮ ಕಾಗದದಾಗ ಜಾಗಾ ಇಲ್ರಿ. ಬಂದಿಲ್ಲ ಅಂತ ಅಷ್ಟ ಬರೀತೀವಿ,” ಅಂದರು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಆ ಎರಡು ವರ್ಷ ಹುಲಿಗೆವ್ವ ಇನಾಮದಾರರ ತಾಯಿಯನ್ನು ಮಗುವಿನಂತೆ ಎತ್ತಿ ಇಳಿಸಿ, ಉಣಿಸಿ, ತೊಳೆದು ನೋಡಿಕೊಂಡಿದ್ದರು. ಆದರೆ ಮುದುಕಿಯ ಕೋಣೆಗೆ ಹಿತ್ತಲ ಬಾಗಿಲಿನಿಂದಲೇ ಬಂದು ಹೋಗಬೇಕಿತ್ತು, ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ತಮ್ಮ ಗಂಜಿ ತಾವೇ ಕಾಯಿಸಿಕೊಳ್ಳಬೇಕಿತ್ತು. ಒಲೆ ಎಣಿಸಲು ಬಂದ ಪುರಸಭೆಯವರು ಅದನ್ನೂ ಒಂದು ಒಲೆ ಎಂದು ಬರೆದುಕೊಂಡರು. ಇನಾಮದಾರರು ತಕರಾರು ಅರ್ಜಿ ಕೊಟ್ಟರೂ ನಡೆಯಲಿಲ್ಲ. “ತಮ್ಮ ಒಲಿ ಮ್ಯಾಲಿನ ಅನ್ನಾನ ಆಕಿಗೂ ಹಾಕಿದ್ರ ಆ ಹೆಸರು ಪಟ್ಟ್ಯಾಗ ಬರತಿದ್ದಿಲ್ಲ,” ಎಂದು ಮೆಹರಕ್ಕ ನಿಟ್ಟುಸಿರುಬಿಟ್ಟರು.

ಮನೆಗೆ ಬಂದು ಎಲ್ಲವನ್ನೂ ಅಕ್ಕನಿಗೆ ಹೇಳಿದೆ. ಅವಳು ಹೊಲಿಗೆ ಮೆಷಿನ್ನಿನ ಪೆಡಲಿನಿಂದ ಕಾಲು ತೆಗೆದು ಕೇಳುತ್ತಿದ್ದಳು. ಸಾಲ ಮಾಡಿ ಈ ವರ್ಷದ್ದು ಕಟ್ಟಿಬಿಡೋಣ, ಆ ಹೆಂಗಸಿಗೆ ಇನ್ನು ತೊಂದರೆ ಕೊಡುವುದು ಬೇಡ ಎಂದೆ. ಮುಂದಿನ ವರ್ಷ ಮೂವತ್ತೆರಡಾಗುತ್ತದಲ್ಲ ಎಂದಳು. “ಅದು ಇರಲಿ,” ಅಂದಳು ಅಕ್ಕ, “ದುಡ್ಡು ಕಟ್ಟಿದರೆ ನಾವೂ ಕರೆಯದೆ ಇದ್ದವರ ಸಾಲಿಗೇ ಸೇರುತ್ತೀವಿ.” ಅವತ್ತೇ ಸಂಜೆ ಐದಕ್ಕೆ ಸೀರೆ ಬದಲಿಸಿಕೊಂಡು ಹೊರಟಳು. ಬೇಡವೆಂದರೂ ಕೇಳಲಿಲ್ಲ. ನಾನು ಹಿಂದೆ ಹಿಂದೆ ಹೋದೆ.

ರೊಟ್ಟಿಯ ಕೆಲಸ ಮುಗಿದು ಹುಲಿಗೆವ್ವನವರು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದರು. ನನ್ನನ್ನು ಕಂಡು ಮುಖ ಗಂಟಿಕ್ಕಿದರು. ಅಕ್ಕ ಕೂರಲೂ ಇಲ್ಲ, ಪೀಠಿಕೆಯನ್ನೂ ಹಾಕಲಿಲ್ಲ. “ನೀವು ಹೇಳಿದ್ದು ನಿಜ. ಪಟ್ಟಿಗಾಗಿಯೇ ಬಂದಿದ್ದೀವಿ,” ಅಂದಳು. “ಪಟ್ಟಿಯಲ್ಲಿ ಬರೆದಿರದೆ ಇದ್ದರೆ ನೀವು ಆ ಮನೇಲಿ ಇದ್ದಿರಿ ಅಂತ ನಮಗೆ ಯಾರು ಹೇಳುತ್ತಿದ್ದರು? ನಾವು ಹನ್ನೊಂದು ಮನೇಲಿ ಇದ್ದು ಬಂದವರು. ಒಂದು ಮನೆಯ ಕಾಗದದಲ್ಲೂ ನಮ್ಮ ಹೆಸರಿಲ್ಲ. ಈಗ ಆ ಬೀದಿಗಳಿಗೆ ಹೋದರೆ ನೀರು ಕೊಡುವವರೂ ಇಲ್ಲ.” ಹನ್ನೊಂದು ಮನೆಗಳ ಬಗ್ಗೆ ಅಕ್ಕ ಹೀಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಪ್ರತಿಸಲವೂ ಮಾತಿಲ್ಲದೆ ಪಾತ್ರೆ ಕಟ್ಟಿದವಳು ಅವಳೇ.

ಹುಲಿಗೆವ್ವನವರು ಸೆರಗಿನಿಂದ ಮುಖ ಒರೆಸಿಕೊಂಡರು. ಒಳಗಿನಿಂದ ಚಾಪೆ ತಂದು ಹಾಸಿದರು. ಚಹಾ ಆಯಿತು. ಪ್ರತಿವರ್ಷ ಮಾರ್ಚಿನಲ್ಲಿ ಪುರಸಭೆಯ ಹಲಗೆಯ ಮೇಲೆ ಪಟ್ಟಿ ಹಚ್ಚುತ್ತಾರೆ, ಯಾರನ್ನಾದರೂ ಹಿಡಿದು ನನ್ನ ಹೆಸರಿದೆಯೇ ಎಂದು ಓದಿಸುತ್ತಿದ್ದೆ ಎಂದು ಅವರೇ ಹೇಳಿದರು. ಮೊದಲ ಕೆಲವು ವರ್ಷ ಒಳ್ಳೆಯ ಸೀರೆ ತೆಗೆದಿಟ್ಟು ಕರೆ ಬರುತ್ತದೆಂದು ಕಾದಿದ್ದರಂತೆ. ಊಟದ ಆಸೆಗಲ್ಲ. ತಾವು ನೋಡಿಕೊಂಡ ಆ ಮುದುಕಿ ಮಲಗುತ್ತಿದ್ದ ಕೋಣೆಯನ್ನು ಒಮ್ಮೆ ನೋಡಬೇಕಿತ್ತು. ಸಾಯುವ ಹಿಂದಿನ ದಿನ ಆ ತಾಯಿ ಇವರ ಕೈ ಹಿಡಿದುಕೊಂಡು, ಹೆಸರು ಹಿಡಿದು ಕರೆದಿದ್ದರಂತೆ. ಹೆಣ ಎತ್ತುವಾಗ ಇವರನ್ನು ಹಿತ್ತಲಿನಿಂದ ಮುಂದೆ ಬರಗೊಟ್ಟಿರಲಿಲ್ಲ.

ಬರುತ್ತೇನೆ ಎಂದರು. ಒಂದೇ ಒಂದು ಮಾತು ಕೇಳಿದರು. ಹಳಬರು ಮೂವರನ್ನೂ ಒಂದೇ ದಿನ ಕರೆಯಬೇಕು, ಒಂದೇ ಸಾಲಿನಲ್ಲಿ ಎಲೆ ಹಾಕಬೇಕು. ಅಕ್ಕ ನನ್ನ ಮುಖ ಕೂಡ ನೋಡದೆ, ಆಗಲಿ ಎಂದಳು.

ಇನಾಮದಾರರಿಗೆ ತಿಳಿಸಲು ಮತ್ತೆ ನಾನೇ ಹೋದೆ. ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಬೇರೆ ದಿನ ಕರೆಯಿರಿ, ಅಥವಾ ಆಕೆಗೆ ಬೇರೆ ಹೊತ್ತಿಗೆ ಬಡಿಸಿರಿ, ನಾನು ಖಂಡಿತ ಬರುತ್ತೇನೆ, ನಿಮಗೊಂದು ಸಾವಿರ ಉಳಿಯುತ್ತದೆ ಎಂದು ಬುದ್ಧಿ ಹೇಳಿದರು. ಖಾನಾವಳಿಯಲ್ಲಿ ದಿನಾ ನೀವು ತಿನ್ನುವ ರೊಟ್ಟಿ ಬಡಿಯುವುದು ಅವರೇ ಅಲ್ಲವೇ ಎಂದೆ. ಅದು ಬೇರೆ, ಮನೆ ಬೇರೆ ಅಂದರು. ಒಳ್ಳೆಯ ಮನುಷ್ಯರು, ಮನೆ ಕೊಡುವಾಗ ನಲ್ಲಿಯ ವಾಷರ್ ಕೂಡ ಬದಲಿಸಿ ಕೊಟ್ಟಿದ್ದರು. ಆದರೆ ಆ ಒಂದು ಗೆರೆ ಅವರಿಂದ ದಾಟಲಾಗಲಿಲ್ಲ. ಮಾರ್ಚ್ ಇಪ್ಪತ್ತನಾಲ್ಕನೇ ತಾರೀಖು, ಮಧ್ಯಾಹ್ನ ಎರಡೂವರೆಗೆ, ನಿಮ್ಮ ಎಲೆ ಹಾಕಿರುತ್ತೇವೆ ಎಂದಷ್ಟೇ ಹೇಳಿ ಎದ್ದು ಬಂದೆ.

ಇಪ್ಪತ್ತನಾಲ್ಕರಂದು ಅಕ್ಕ ನಸುಕಿನಲ್ಲೇ ಎದ್ದು ನಮ್ಮ ಕಡೆಯ ಅಡುಗೆ ಮಾಡಿದಳು. ಹುಳಿ, ಬೀನ್ಸ್ ಪಲ್ಯ, ಮಾವಿನಕಾಯಿ ಚಿತ್ರಾನ್ನ, ಶಾವಿಗೆ ಪಾಯಸ. ನಡುಮನೆಯಲ್ಲಿ ಐದು ಎಲೆ ಹಾಕಿದೆವು. ತುಕಾರಾಮಪ್ಪನವರು ಎರಡಕ್ಕೇ ಬಂದು ಕೂತಿದ್ದರು. ಖಾನಾವಳಿಗಳಿಗೆ ರೊಟ್ಟಿ ಮುಟ್ಟಿಸಿ ಹುಲಿಗೆವ್ವನವರು ಬಂದಾಗ ಎರಡೂ ಮುಕ್ಕಾಲು. ಹಸಿರು ಇಳಕಲ್ ಸೀರೆ ಉಟ್ಟು, ಬರಿಗೈಯಲ್ಲಿ ಬರಬಾರದೆಂದು ಬಟ್ಟೆಯಲ್ಲಿ ಹತ್ತು ರೊಟ್ಟಿ ಕಟ್ಟಿಕೊಂಡು ಬಂದಿದ್ದರು. ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರು, “ಈ ಬಾಗಲದಿಂದ ನಾ ಒಳಗ ಬಂದದ್ದು ಇವತ್ತ ನೋಡ್ರಿ,” ಅಂದರು.

ಅಕ್ಕ ಅವರ ಕೈಹಿಡಿದು ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. ಈಗ ಅಲ್ಲಿ ಅವಳ ಹೊಲಿಗೆ ಮೆಷಿನ್ನು ಇದೆ. ಹುಲಿಗೆವ್ವನವರು ಕಿಟಕಿಯ ಬಳಿ ಹೋಗಿ ಸರಳು ಮುಟ್ಟಿ ನಿಂತರು. ಮುದುಕಿಗೆ ಇದು ತೆರೆದೇ ಇರಬೇಕಿತ್ತು, ಚಳಿಗಾಲದಲ್ಲೂ ಮುಚ್ಚಗೊಡುತ್ತಿರಲಿಲ್ಲ ಎಂದರು. ಅಲ್ಲಿಂದ ಅಡುಗೆಮನೆಯ ಕಡೆ ಬಂದಾಗ ಹೊಸ್ತಿಲ ಹತ್ತಿರ ಅವರ ಹೆಜ್ಜೆ ತಾನಾಗಿಯೇ ನಿಂತುಬಿಟ್ಟಿತು. ಹುಳಿಯ ಪಾತ್ರೆ ಇಳಿಸಬೇಕು, ಆ ಕಡೆ ಸ್ವಲ್ಪ ಹಿಡಿಯಿರಿ ಎಂದು ಅಕ್ಕ ಒಳಗಿನಿಂದ ಕರೆದಳು. ಅವರು ಒಳಗೆ ಹೋಗಿ ಹಿಡಿದರು. ಇಬ್ಬರೂ ಸೇರಿ ಪಾತ್ರೆಯನ್ನು ನಡುಮನೆಗೆ ತಂದರು.

ಊಟಕ್ಕೆ ಕೂತಾಗ ತುಕಾರಾಮಪ್ಪನವರು ಅನ್ನ ಕಲಸುವುದನ್ನು ಬಿಟ್ಟು, ಎಲೆಯನ್ನೇ ನೋಡುತ್ತ ಮಾತಾಡಿದರು. “ಆವಾಗ ನಾನೂ ಇಲ್ಲೇ ಮುಂದಿನ ಖೋಲ್ಯಾಗ ಇದ್ನೆವ್ವಾ. ನಿನ್ನ ಒಲಿ ಹೊಗಿ ನನ್ನ ಕಿಡಕಿಗೆ ಬರತಿತ್ತು. ಮಳ್ಯಾಗ ಕಟಗಿ ಹಸಿಯಾದಾಗೂ, ನನ್ನ ಸ್ಟೋ ಮ್ಯಾಲ ಮಾಡ್ಕೋ ಬಾ ಅನ್ನಲಿಲ್ಲ.” ಹುಲಿಗೆವ್ವನವರು ತಾವು ತಂದ ರೊಟ್ಟಿಯಲ್ಲಿ ಒಂದನ್ನು ಮುರಿದು ಅರ್ಧವನ್ನು ಅವರ ಎಲೆಗೆ ಹಾಕಿ, “ಈಗ ಉಣ್ರಿ, ಆರತೈತಿ,” ಅಂದರು. ಮುದುಕರು ತಲೆ ತಗ್ಗಿಸಿ ಉಂಡರು.

ಇನಾಮದಾರರು ಬರಲಿಲ್ಲ. ಅವರ ಎಲೆ ಖಾಲಿಯಾಗಿಯೇ ಉಳಿಯಿತು. ಅದನ್ನು ತೆಗೆಯಬೇಕೆಂದು ಯಾರಿಗೂ ಅನಿಸಲಿಲ್ಲ.

ಕೈತೊಳೆದ ಮೇಲೆ ಪಟ್ಟಿಯ ಕಾಗದವನ್ನು ತಿರುಗಿಸಿ ಇಟ್ಟು, ಹುಲಿಗೆವ್ವನವರಿಗೆಂದು ಶಾಯಿಯ ಪ್ಯಾಡನ್ನೂ ಪಕ್ಕಕ್ಕಿಟ್ಟೆ. ಅವರು ಪ್ಯಾಡನ್ನು ದೂರ ಸರಿಸಿ ಪೆನ್ನು ಕೇಳಿದರು. ಗಿರಣಿ ಓಣಿಯಲ್ಲಿ ಸಾಕ್ಷರತಾ ವರ್ಗ ನಡೆದಾಗ, ಈ ಒಂದು ಸಹಿಗಾಗಿಯೇ ಹೆಸರು ಬರೆಯಲು ಕಲಿತಿದ್ದರಂತೆ. ಆದರೆ ಸಾಲು ಸಣ್ಣದು, ಕಣ್ಣಿಗೆ ಹಿಡಿಯಲಿಲ್ಲ. ನಾನು ಅಂಗಡಿಗೆ ಹೋಗಿ ಓದುವ ಕನ್ನಡಕ ಒಂದೆರಡು ತಂದು ಹಾಕಿ ನೋಡಿದೆ. ಎರಡನೆಯದು ಕೂತಿತು. ಅವರು ನಾಲ್ಕು ಅಕ್ಷರವನ್ನೂ ಒತ್ತಕ್ಷರವನ್ನೂ ಬಿಡಿಬಿಡಿಯಾಗಿ, ಗೆರೆ ದಾಟದ ಹಾಗೆ ಬರೆದರು. ಬರೆದದ್ದನ್ನು ತಾವೇ ಒಮ್ಮೆ ಬೆರಳಿಟ್ಟು ಓದಿದರು. ಕನ್ನಡಕದ ಬೆಲೆ ಕೇಳಿದಾಗ, ಊಟಕ್ಕೆ ಬಂದವರು ವ್ಯಾಪಾರ ಮಾಡಬಾರದು ಎಂದು ಅಕ್ಕ ಗದರಿದಳು. ಹುಲಿಗೆವ್ವನವರು ನಕ್ಕರು. ಅವರು ನಕ್ಕದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.

ಮರುದಿನ ಕಾಗದ ತೆಗೆದುಕೊಂಡು ನಾಲ್ಕನೇ ಕೌಂಟರಿಗೆ ಹೋದೆ. ಮೆಹರಕ್ಕ ಸಹಿಯನ್ನು ಬೆಳಕಿಗೆ ಹಿಡಿದು ನೋಡಿದರು. ಪಕ್ಕದ ಕೌಂಟರಿನವರನ್ನು ಕರೆದು ತೋರಿಸಿದರು. ಕೆಂಪು ಪೆನ್ಸಿಲ್ಲಿನಿಂದ ಮೂವತ್ತೊಂದು ಸಾವಿರದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ದುಂಡಗೆ ಒಂದು ಸೊನ್ನೆ ಬರೆದರು. “ಇಪ್ಪತ್ತೆಂಟು ವರ್ಷದಿಂದ ಈ ಸಾಲಿಗೆ ಸಾವಿರ ಸಾವಿರ ಕೂಡಿಸಿಕೋತ ಬಂದೇನ್ರಿ. ಇವತ್ತ ಕಳಿಯಾಕ ಸಿಕ್ಕತು,” ಎನ್ನುವಾಗ ಅವರ ಕಣ್ಣು ತೇವವಾಗಿತ್ತು. ಆಮೇಲೆ ಇನಾಮದಾರರ ಸಾಲಿನ ಹತ್ತಿರ ಪೆನ್ಸಿಲ್ಲು ನಿಂತಿತು. ಕರೆದಿದ್ದೆವು, ಬರಲಿಲ್ಲ, ಮುಂದಿನ ವರ್ಷವೂ ಕರೆಯುತ್ತೇವೆ ಎಂದು ಹೇಳಿ ಸಾವಿರದ ಜೊತೆಗೆ ಉಳಿದ ಕಂದಾಯವನ್ನೂ ಎಣಿಸಿಕೊಟ್ಟೆ. ಅಷ್ಟು ಹಗುರ ಮನಸ್ಸಿನಿಂದ ನಾನು ಯಾವತ್ತೂ ಯಾರಿಗೂ ದುಡ್ಡು ಕೊಟ್ಟಿರಲಿಲ್ಲ. ಹೊರಗೆ ಬಂದು ಪುರಸಭೆಯ ಮೆಟ್ಟಿಲ ಮೇಲೆ ನಿಂತಾಗ, ಅರ್ಥವಾಗದ ಕಾಗದವನ್ನು ಸಾಲು ಸಾಲಾಗಿ ಓದಿ ಹೇಳಿದ ಆ ಹೆಂಗಸಿಗೆ ನೆಟ್ಟಗೆ ಒಂದು ಕೃತಜ್ಞತೆಯ ಮಾತನ್ನೂ ಹೇಳಲಿಲ್ಲವೆಂದು ನೆನಪಾಯಿತು. ಮತ್ತೆ ಒಳಗೆ ಹೋಗಿ ಹೇಳಿ ಬಂದೆ. ಸಾಲಿನಲ್ಲಿದ್ದವರು ನಾನು ನುಗ್ಗುತ್ತಿದ್ದೇನೆಂದು ಬೈದರು.

ಇದಾಗಿ ಮೂರು ತಿಂಗಳಿಗೆ, ಜೂನಿನ ಒಂದು ಮಧ್ಯಾಹ್ನ ಹುಲಿಗೆವ್ವನವರು ಬಂದರು. ಆ ಹೊತ್ತಿನಲ್ಲಿ ಬಂದದ್ದಕ್ಕೆ ಯಾವ ಪಟ್ಟಿಯಲ್ಲೂ ಲೆಕ್ಕವಿಲ್ಲ. ಯಾಕೆ ಬಂದಿರಿ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ನೀರು ಕುಡಿದು, ರೊಟ್ಟಿ ಬಡಿದೂ ಬಡಿದೂ ರಟ್ಟೆ ನೋಯುತ್ತದೆ ಎನ್ನುತ್ತ ನಡುಮನೆಯ ನೆಲದ ಮೇಲೆ ತೋಳನ್ನೇ ದಿಂಬು ಮಾಡಿಕೊಂಡು ಅಡ್ಡಾದರು. ಎರಡು ಮಾತು ಆಡುವಷ್ಟರಲ್ಲಿ ನಿದ್ದೆ ಹತ್ತಿತ್ತು. ಅಕ್ಕ ಹೊಲಿಗೆ ನಿಲ್ಲಿಸಿದಳು. ನಾನು ಅಂಗಡಿಯ ರೇಡಿಯೋ ಆರಿಸಿದೆ. ಇಬ್ಬರೂ ಸದ್ದಾಗದ ಹಾಗೆ ಬಾಗಿಲು ಮುಂದೆ ಮಾಡಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತೆವು. ಕನ್ನಡಕದ ಕಡ್ಡಿ ಮುರಿದುಕೊಂಡು ಬಂದ ಗಿರಾಕಿಯೊಬ್ಬರು, ಅಂಗಡಿ ಯಾಕೆ ಬಂದಾಯಿತು ಎಂದು ದೊಡ್ಡ ದನಿಯಲ್ಲಿ ಕೇಳಿದರು.

“ಮೆಲ್ಲಗೆ,” ಅಂದಳು ಅಕ್ಕ. “ಮನೆಯವರು ಮಲಗಿದ್ದಾರೆ.”